ಮೊದಲು ಬಿಲ್ ಓದಿ, ಆಮೇಲೆ ಟಿಪ್ಸ್: ವಡಪಳನಿಯ ಹೋಟೆಲಿಗೊಂದು ಲೆಕ್ಕ, ಹಡಗಿನ ಊಟಕ್ಕೊಂದು ಲೆಕ್ಕ

ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಒರಟಾದಾಗ, ಮುಂಬೈಯಿಂದ ಓಡಾಡುವ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಚೆನ್ನೈ ಬಂದರಿಗೆ ಬರುವುದು ಈಚಿನ ರೂಢಿ. 2022ರ ಜೂನ್ 4ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಇಲ್ಲಿಂದ ಅದರ ಯಾನಕ್ಕೆ ಚಾಲನೆ ಕೊಟ್ಟರು. ಮರುವರ್ಷ ಜೂನ್ 5ರಂದು ಶ್ರೀಲಂಕಾ ಕಡೆಗಿನ ಯಾನವೂ ಶುರುವಾಯಿತು. ನಗರದ ವಡಪಳನಿ ಬಡಾವಣೆಯಲ್ಲಿ ಮೆಟ್ರೊ ಹತ್ತಿ ಸೆಂಟ್ರಲ್‌ನಲ್ಲಿ ಇಳಿದರೆ ಅಲ್ಲಿಂದ ಬಂದರಿಗೆ ಆಟೊದಲ್ಲಿ ಹೋಗಬಹುದು. ಇನ್ನು ಕೆಲವರು ವಿಮಾನದಲ್ಲಿ ಸಿಂಗಪುರಕ್ಕೆ ಹೋಗಿ ಅಲ್ಲಿಂದ ದೊಡ್ಡ ಹಡಗು ಹತ್ತುತ್ತಾರೆ. ಮಕ್ಕಳು ಅಮೆರಿಕದಲ್ಲಿದ್ದರೆ ಮಯಾಮಿಯಿಂದ ಹೊರಡುವ ಯಾನದ ಟಿಕೆಟ್ ಅಪ್ಪ ಅಮ್ಮನಿಗೆ ಷಷ್ಟಿಪೂರ್ತಿಯ ಉಡುಗೊರೆಯಾಗಿ ಬರುವುದೂ ಉಂಟು.

ಟಿಕೆಟ್, ವೀಸಾ, ವಾಂತಿ ಮಾತ್ರೆ ಎಲ್ಲವನ್ನೂ ವಿಚಾರಿಸಿಕೊಂಡು ಹೊರಟವರು ವಿಚಾರಿಸಲು ಮರೆಯುವ ಸಂಗತಿ ಒಂದಿದೆ. ಹಡಗಿನ ದುಬಾರಿ ರೆಸ್ಟೋರೆಂಟಿನಲ್ಲಿ ಊಟ ಮುಗಿದ ಮೇಲೆ ಬಿಲ್ಲಿನ ಜೊತೆ ಪೆನ್ನೂ ಬರುತ್ತದೆ. ಬಿಲ್ಲಿನ ಕೆಳಗೆ ಟಿಪ್ಸ್ ಬರೆಯಲು ಒಂದು ಖಾಲಿ ಗೆರೆ. ಎಷ್ಟು ಬರೆಯಬೇಕು? ಏನೂ ಬರೆಯದಿದ್ದರೆ ಮರ್ಯಾದೆ ಹೋಗುತ್ತದೆಯೆ?

ಈ ಪ್ರಶ್ನೆಗೆ ಇಲ್ಲಿ ಒಂದು ಉತ್ತರ, ಅಲ್ಲಿ ಇನ್ನೊಂದು. ನಮ್ಮ ದೇಶದ ರೆಸ್ಟೋರೆಂಟಿನಲ್ಲಿ ಸೇವೆಯ ಹಣವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಕೊಡುವುದು ಬಿಡುವುದು ನಿಮಗೆ ಸೇರಿದ್ದು. ಬಹುತೇಕ ಅಂತರರಾಷ್ಟ್ರೀಯ ಹಡಗುಗಳಲ್ಲಿ ಆ ಹಣ ಮೊದಲೇ ಸೇರಿರುತ್ತದೆ. ಅದರ ಮೇಲೆ ಮತ್ತೆ ಕೊಡಬೇಕಾದ ಬಾಧ್ಯತೆ ಇಲ್ಲ. ಇದನ್ನು ತಿಳಿಯದವರು ವಡಪಳನಿಯಲ್ಲಿ ಕೊಡಬೇಕಿಲ್ಲದ್ದನ್ನು ಕೊಡುತ್ತಾರೆ, ಹಡಗಿನಲ್ಲಿ ಒಮ್ಮೆ ಕೊಟ್ಟದ್ದನ್ನೇ ಎರಡನೇ ಸಲ ಕೊಡುತ್ತಾರೆ.

ಊರಿನ ಲೆಕ್ಕ: ಸರ್ವಿಸ್ ಚಾರ್ಜ್ ಕಡ್ಡಾಯವಿಲ್ಲ

ಆರ್ಕಾಟ್ ರಸ್ತೆಯ ತಾರಾ ಹೋಟೆಲ್ ಇರಲಿ, ವಿಜಯಾ ಮಾಲ್‌ನ ರೆಸ್ಟೋರೆಂಟ್ ಇರಲಿ, ಊಟದ ಬಿಲ್ಲಿನಲ್ಲಿ ಮೂರು ಬೇರೆ ಬೇರೆ ಹಣ ಕಾಣಬಹುದು: ತಿಂದದ್ದರ ಬೆಲೆ, ಜಿಎಸ್‌ಟಿ, ಸರ್ವಿಸ್ ಚಾರ್ಜ್. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಅದು ಶೇ 5. ಕೋಣೆ ಬಾಡಿಗೆ ದಿನಕ್ಕೆ 7,500 ರೂ. ಮೀರಿದ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಶೇ 18. ಅದನ್ನು ಕೊಡದೆ ವಿಧಿಯಿಲ್ಲ. ಸರ್ವಿಸ್ ಚಾರ್ಜ್ ಹಾಗಲ್ಲ, ಅದು ಹೋಟೆಲಿನವರು ತಾವಾಗಿ ಸೇರಿಸುವ ಹಣ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಸಾರಾಂಶ ಇಷ್ಟು:

• ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ.
• ಬೇರೆ ಹೆಸರಿಟ್ಟೂ ವಸೂಲಿ ಮಾಡುವಂತಿಲ್ಲ.
• ಅದು ಗ್ರಾಹಕರ ಇಷ್ಟಕ್ಕೆ ಬಿಟ್ಟದ್ದು ಎಂದು ತಿಳಿಸಬೇಕು, ಬಲವಂತ ಮಾಡಬಾರದು.
• ಕೊಡುವುದಿಲ್ಲ ಎಂದವರನ್ನು ಒಳಗೆ ಬಿಡದಿರುವುದು, ಅವರಿಗೆ ಬಡಿಸದಿರುವುದು ತಪ್ಪು.
• ಊಟದ ಹಣಕ್ಕೆ ಅದನ್ನು ಕೂಡಿಸಿ, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ.

ಹೋಟೆಲ್ ಮಾಲೀಕರ ಎರಡು ರಾಷ್ಟ್ರೀಯ ಸಂಘಗಳು ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. ಅದೇ ತಿಂಗಳಲ್ಲಿ ತಡೆಯಾಜ್ಞೆಯೂ ಸಿಕ್ಕಿತು. ಕೊನೆಗೆ 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿದಾರ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ವೆಚ್ಚ ವಿಧಿಸಿದರು. ಸಂಘಗಳು ಮೇಲ್ಮನವಿ ಹಾಕಿವೆ. ಗ್ರಾಹಕರು ಸ್ವಇಚ್ಛೆಯಿಂದ ಟಿಪ್ಸ್ ಕೊಡುವುದಕ್ಕೆ ಈ ತೀರ್ಪಿನಿಂದ ಯಾವ ಅಡ್ಡಿಯೂ ಇಲ್ಲ.

ಹಣದಲ್ಲಿ ಇದರ ವ್ಯತ್ಯಾಸ ಎಷ್ಟು ಎಂದು ನೋಡೋಣ. ನಾಲ್ಕು ಜನ 3,000 ರೂಪಾಯಿ ಊಟ ಮಾಡಿದಿರಿ ಎನ್ನಿ. ಶೇ 10ರ ಸರ್ವಿಸ್ ಚಾರ್ಜ್ ಸೇರಿದರೆ 3,300. ಅದರ ಮೇಲೆ ಶೇ 5ರ ಜಿಎಸ್‌ಟಿ ಹಾಕಿದರೆ 165. ಒಟ್ಟು 3,465 ರೂ. ಸರ್ವಿಸ್ ಚಾರ್ಜ್ ತೆಗೆಸಿದರೆ ಜಿಎಸ್‌ಟಿ 150, ಒಟ್ಟು 3,150. ನಡುವಿನ ಅಂತರ 315 ರೂಪಾಯಿ. ಬಡಿಸಿದವರ ಕೈಗೇ ನೀವು 200 ಕೊಟ್ಟರೂ ನಿಮಗೆ 115 ಉಳಿಯಿತು, ಅವರಿಗೆ ಕೊಟ್ಟದ್ದು ಕಣ್ಣಾರೆ ಕಂಡಿತು.

ಬಿಲ್ಲಿನಲ್ಲಿ ಈ ಸಾಲು ಕಂಡರೆ ದನಿ ಏರಿಸಬೇಕಾಗಿಲ್ಲ. ಆರ್ಡರ್ ತೆಗೆದುಕೊಂಡ ಕ್ಯಾಪ್ಟನ್‌ರನ್ನು ಕರೆದು, ‘ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ, ಟಿಪ್ಸ್ ನಾವೇ ಕೊಡುತ್ತೇವೆ’ ಅಂದರೆ ಸಾಕು. ಸಾಮಾನ್ಯವಾಗಿ ಮಾತು ಅಲ್ಲಿಗೇ ಮುಗಿಯುತ್ತದೆ. ಒಪ್ಪದಿದ್ದರೆ ಹಣ ಕಟ್ಟಿ, ಬಿಲ್ಲಿನ ಫೋಟೊ ತೆಗೆದಿಟ್ಟುಕೊಂಡು, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಜಿಲ್ಲಾಧಿಕಾರಿಗೂ ದೂರು ಸಲ್ಲಿಸಬಹುದು. ಗ್ರಾಹಕ ಆಯೋಗದ ದಾರಿಯೂ ತೆರೆದಿದೆ.

ಎಷ್ಟು ಕೊಟ್ಟರೆ ಚಂದ?

ಕಾನೂನಿನಲ್ಲಿ ಕಡ್ಡಾಯವಿಲ್ಲ ಎಂದ ಮಾತ್ರಕ್ಕೆ ಬರಿಗೈಯಲ್ಲಿ ಎದ್ದು ಬರಬೇಕೆಂದಲ್ಲ. ಚೆನ್ನೈಯ ಹೋಟೆಲ್ ಉದ್ಯಮ ಬೆಳೆದದ್ದರಲ್ಲಿ ಕರಾವಳಿಯಿಂದ ಬಂದ ಹುಡುಗರ ಬೆವರು ದೊಡ್ಡದು. ಉಡುಪಿ ಕಡೆಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮೇಜು ಒರೆಸುವ ಕೆಲಸದಿಂದ ಗಲ್ಲಾದವರೆಗೆ ಏರಿದ ಇಂಥ ಕಥೆಗಳು ಈ ಊರಿನ ಕನ್ನಡಿಗರ ಮನೆಗಳಲ್ಲಿ ಹಲವು ಸಿಗುತ್ತವೆ. ತಟ್ಟೆಯ ಪಕ್ಕ ಬಿಟ್ಟುಹೋದ ಚಿಲ್ಲರೆಯ ಬೆಲೆ ಅವರಿಗೆ ಗೊತ್ತು.

ಇಲ್ಲಿ ಕೊಡುವ ಅಂಕಿಗಳು ನಿಯಮವಲ್ಲ, ಚೆನ್ನೈಯಲ್ಲಿ ಒಪ್ಪುವಂಥ ಅಂದಾಜು.

• ಸಾದಾ ಟಿಫಿನ್ ಹೋಟೆಲ್: ಬಡಿಸಿದವರಿಗೆ 10ರಿಂದ 20 ರೂ. ನಿಂತು ತಿನ್ನುವ, ಕೂಪನ್ ಕೊಟ್ಟು ತೆಗೆದುಕೊಳ್ಳುವ ಕಡೆ ಏನೂ ಬೇಡ.
• ಮೇಜಿಗೆ ಬಂದು ಆರ್ಡರ್ ತೆಗೆದುಕೊಳ್ಳುವ ಹವಾನಿಯಂತ್ರಿತ ರೆಸ್ಟೋರೆಂಟ್: ಊಟದ ಬೆಲೆಯ ಶೇ 5.
• ತಾರಾ ಹೋಟೆಲ್, ದುಬಾರಿ ಸ್ಪೆಷಾಲಿಟಿ ರೆಸ್ಟೋರೆಂಟ್: ಶೇ 5ರಿಂದ 10. ಸೇವೆ ಬಹಳ ಚೆನ್ನಾಗಿದ್ದರೆ ಮಾತ್ರ ಶೇ 10.
• ಬಫೆ: ತಟ್ಟೆ ನೀವೇ ತುಂಬಿಕೊಳ್ಳುವುದರಿಂದ, ಮೇಜಿಗೆ ತಂದು ಬಡಿಸುವ ಕಡೆ ಕೊಡುವುದರ ಅರ್ಧ ಸಾಕು.
• ಕಾರು ನಿಲ್ಲಿಸಿ ತಂದುಕೊಡುವವರಿಗೆ: 50 ರೂ. ಒಳ್ಳೆಯ ಮೊತ್ತ.

ಶೇಕಡಾವನ್ನು ಯಾವ ಅಂಕಿಯ ಮೇಲೆ ಲೆಕ್ಕ ಹಾಕಬೇಕು ಎನ್ನುವುದೂ ಮುಖ್ಯ. ತೆರಿಗೆಗೆ ಮುಂಚಿನ ಮೊತ್ತವನ್ನು ನೋಡಿ. ತಾರಾ ಹೋಟೆಲಿನಲ್ಲಿ 4,000 ರೂಪಾಯಿ ಊಟಕ್ಕೆ ಶೇ 18ರ ಜಿಎಸ್‌ಟಿ ಸೇರಿ 4,720 ಆಗುತ್ತದೆ. ಟಿಪ್ಸ್ 4,000ದ ಮೇಲೆ ಸಾಕು. ಸರ್ಕಾರಕ್ಕೆ ಕಟ್ಟಿದ 720 ರೂಪಾಯಿಯ ಸೇವೆ ನಿಮಗೆ ಯಾರೂ ಮಾಡಿಲ್ಲ.

ಈಗ ಎಲ್ಲರೂ ಫೋನ್ ತೋರಿಸಿ ಹಣ ಕಟ್ಟುವುದರಿಂದ ಟಿಪ್ಸ್‌ಗೆ ಚಿಲ್ಲರೆ ಇರುವುದಿಲ್ಲ. ಕಾರ್ಡಿನಲ್ಲಿ ಕೂಡಿಸಿ ಕಟ್ಟಿದ ಟಿಪ್ಸ್ ಮೊದಲು ಮಾಲೀಕರ ಖಾತೆಗೆ ಹೋಗುತ್ತದೆ. ಹಂಚುವುದು ಯಾವಾಗ, ಹೇಗೆ ಎನ್ನುವುದು ಅವರ ವ್ಯವಸ್ಥೆ. ಆದ್ದರಿಂದ ನೋಟು ಕೊಡುವುದೇ ಒಳ್ಳೆಯದು. ನೂರರ ಎರಡು, ಐವತ್ತರ ಎರಡು ನೋಟು ಪರ್ಸಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಆರ್ಡರ್ ತೆಗೆದುಕೊಂಡ ಕ್ಯಾಪ್ಟನ್ ಒಬ್ಬರು, ತಟ್ಟೆ ತಂದ ಸ್ಟೀವರ್ಡ್ ಇನ್ನೊಬ್ಬರು ಆಗಿದ್ದರೆ, ಬಿಲ್ಲಿನ ಮಡಿಕೆಯಲ್ಲಿ ಇಟ್ಟ ಹಣ ಇಬ್ಬರಿಗೂ ಹಂಚಿಕೆಯಾಗುತ್ತದೆಯೆ ಎಂದು ಕೇಳಿದರೆ ತಪ್ಪಿಲ್ಲ.

ಹಡಗು ಹತ್ತಿದ ಮೇಲೆ ಲೆಕ್ಕ ತಿರುಗುತ್ತದೆ

ಹಡಗಿನ ಟಿಕೆಟ್ಟಿನಲ್ಲಿ ಎರಡು ಬಗೆಯ ಊಟ ಸೇರಿರುತ್ತದೆ: ದೊಡ್ಡ ಊಟದ ಹಾಲ್ ಮತ್ತು ಬಫೆ. ಇವಕ್ಕೆ ಬೇರೆ ಹಣ ಇಲ್ಲ. ಇದರ ಹೊರತಾಗಿ ಜಪಾನಿ, ಇಟಾಲಿಯನ್, ಸ್ಟೇಕ್‌ಹೌಸ್, ಚೀನೀ ಎಂದು ಚಿಕ್ಕ ಚಿಕ್ಕ ರೆಸ್ಟೋರೆಂಟುಗಳು ಇರುತ್ತವೆ. ಇವೇ ಸ್ಪೆಷಾಲಿಟಿ ರೆಸ್ಟೋರೆಂಟುಗಳು. ಇಲ್ಲಿ ಕೂತರೆ ತಲೆಗೆ ಇಷ್ಟು ಎಂದು ಕವರ್ ಚಾರ್ಜ್ ಕೊಡಬೇಕು, ಇಲ್ಲವೆ ಮೆನು ನೋಡಿ ಆರ್ಡರ್ ಮಾಡಿದ ಒಂದೊಂದಕ್ಕೂ ಬೆಲೆ ತೆರಬೇಕು. ‘ಎಂಪ್ರೆಸ್’ ಹಡಗಿನಲ್ಲಿರುವ ಏಷ್ಯನ್ ಅಡುಗೆಯ ‘ಚಾಪ್‌ಸ್ಟಿಕ್ಸ್’ ಈ ಬಗೆಯದು.

ಹಡಗಿನಲ್ಲಿ ಬೇರೆ ಹಣ ಕೊಟ್ಟು ಉಣ್ಣುವ ಪದ್ಧತಿ ಹೊಸದೇನಲ್ಲ. 1905ರಲ್ಲಿ ಜರ್ಮನಿಯ ‘ಅಮೆರಿಕಾ’ ಎಂಬ ಹಡಗಿನಲ್ಲಿ ರಿಟ್ಜ್ ಹೆಸರಿನ ರೆಸ್ಟೋರೆಂಟ್ ತೆರೆದಿತ್ತು. 1912ರ ಟೈಟಾನಿಕ್‌ನಲ್ಲೂ ಅಂಥದೊಂದಿತ್ತು. ಲುಯಿಜಿ ಗಾಟಿ ಎಂಬವರು ಅದನ್ನು ಗುತ್ತಿಗೆಗೆ ನಡೆಸುತ್ತಿದ್ದರು. ಅಲ್ಲಿ ಬಡಿಸುವವರು ಅವರ ನೌಕರರು, ಹಡಗು ಕಂಪನಿಯವರಲ್ಲ. ಇಂದು ಬಹುತೇಕ ಹಡಗುಗಳಲ್ಲಿ ಈ ರೆಸ್ಟೋರೆಂಟುಗಳನ್ನು ಕಂಪನಿಯೇ ನಡೆಸುತ್ತದೆ, ಬಡಿಸುವವರೂ ಹಡಗಿನ ಸಿಬ್ಬಂದಿಯೇ. ಆದರೆ ಅವರ ಟಿಪ್ಸ್ ಲೆಕ್ಕ ದೊಡ್ಡ ಹಾಲಿನ ಲೆಕ್ಕಕ್ಕಿಂತ ಬೇರೆ.

ದೊಡ್ಡ ಹಾಲ್, ಬಫೆ ಮತ್ತು ಕೋಣೆ ಚೊಕ್ಕಟ ಮಾಡುವವರಿಗಾಗಿ ‘ದಿನದ ಗ್ರಾಚ್ಯುಟಿ’ ಎಂದು ಪ್ರತಿಯೊಬ್ಬ ಪ್ರಯಾಣಿಕರಿಂದ ಪ್ರತಿದಿನ ಒಂದು ಮೊತ್ತ ಹಿಡಿಯುತ್ತಾರೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ ಕೋಣೆಗೆ ಈಚಿನ ವರ್ಷಗಳಲ್ಲಿ ಇದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಸೂಟ್ ಕೋಣೆಗೆ ಇನ್ನೂ ಹೆಚ್ಚು. ಮಕ್ಕಳಿಗೂ ಲೆಕ್ಕ ಹಾಕುತ್ತಾರೆ. ತೀರ ಎಳೆ ಕೂಸುಗಳನ್ನು ಕೆಲವರು ಬಿಡುತ್ತಾರೆ. ನಾಲ್ವರ ಕುಟುಂಬ, ಮೂರು ರಾತ್ರಿ, ತಲೆಗೆ 18 ಡಾಲರ್ ಎಂದರೆ 216 ಡಾಲರ್. ಇದು ಟಿಕೆಟ್ ಬೆಲೆಯ ಹೊರಗಿನ ಖರ್ಚು ಎನ್ನುವುದು ಎಷ್ಟೋ ಜನರಿಗೆ ಗೊತ್ತಾಗುವುದು ಕೊನೆಯ ದಿನ.

ಸ್ಪೆಷಾಲಿಟಿ ರೆಸ್ಟೋರೆಂಟಿನ ಬಿಲ್ಲಿಗೆ ಇದಲ್ಲದೆ ಶೇಕಡಾ ಲೆಕ್ಕದ ಗ್ರಾಚ್ಯುಟಿ ಸೇರುತ್ತದೆ. ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಶೇ 18, ನಾರ್ವೀಜಿಯನ್‌ನಲ್ಲಿ ಶೇ 20. ಉಳಿದ ಹಲವು ಕಂಪನಿಗಳು ಇದರ ಆಸುಪಾಸಿನಲ್ಲೇ ಇವೆ. ಮದ್ಯ, ಮಾಕ್‌ಟೇಲ್, ಕಾಫಿಗಳ ಬಿಲ್ಲಿಗೂ ಇದೇ ರೀತಿ.

ಬಿಲ್ ಬರುವ ಮೂರು ಬಗೆ

ಪ್ರತಿ ಬಗೆಗೂ ಉತ್ತರ ಬೇರೆ.

*ಒಂದು: ಬಿಲ್ಲಿನಲ್ಲೇ ಗ್ರಾಚ್ಯುಟಿ ಸೇರಿದೆ.* ಕವರ್ ಚಾರ್ಜ್ ತಲೆಗೆ 50 ಡಾಲರ್, ಇಬ್ಬರಿಗೆ 100. ಶೇ 18 ಸೇರಿ 118. ಸಹಿ ಹಾಕಿ, ಧನ್ಯವಾದ ಹೇಳಿ, ಎದ್ದು ಬನ್ನಿ. ಇನ್ನೇನೂ ಕೊಡಬೇಕಾಗಿಲ್ಲ.

*ಎರಡು: ಮೊದಲೇ ಪ್ಯಾಕೇಜ್ ಕೊಂಡಿದ್ದೀರಿ.* ಟಿಕೆಟ್ ಜೊತೆಗೋ ಹಡಗು ಹೊರಡುವ ಮುಂಚೆಯೋ ಊಟದ ಪ್ಯಾಕೇಜ್ ಕೊಂಡರೆ, ಗ್ರಾಚ್ಯುಟಿಯನ್ನು ಸಾಮಾನ್ಯವಾಗಿ ಕೊಳ್ಳುವಾಗಲೇ ಹಿಡಿದಿರುತ್ತಾರೆ. ಹಾಗಾಗಿ ಊಟದ ದಿನ ಸೊನ್ನೆ ಮೊತ್ತದ ಬಿಲ್ ಬರುತ್ತದೆ. ಸೊನ್ನೆ ಕಂಡು ಮುಜುಗರಪಟ್ಟು ಟಿಪ್ಸ್ ಬರೆಯುವವರು ಬಹಳ. ಪ್ಯಾಕೇಜಿನ ರಸೀದಿಯನ್ನು ಫೋನಿನಲ್ಲಿ ಇಟ್ಟುಕೊಂಡಿದ್ದರೆ ಅನುಮಾನ ಉಳಿಯುವುದಿಲ್ಲ. ‘ಉಚಿತ ಸ್ಪೆಷಾಲಿಟಿ ಊಟ’ ಎಂಬ ಕೊಡುಗೆಗಳಲ್ಲೂ ಎಚ್ಚರ ಬೇಕು. ನಾರ್ವೀಜಿಯನ್‌ನಂಥ ಕಂಪನಿಗಳು ಊಟವನ್ನು ಉಚಿತ ಮಾಡಿದರೂ, ಅದರ ಪೂರ್ಣ ಬೆಲೆಯ ಮೇಲಿನ ಗ್ರಾಚ್ಯುಟಿಯನ್ನು ಮುಂಚಿತವಾಗಿ ವಸೂಲಿ ಮಾಡುತ್ತವೆ. ಉಚಿತ ಎಂದದ್ದಕ್ಕೂ ಹಣ ಹಿಡಿದರಲ್ಲ ಎಂದು ಆಮೇಲೆ ಜಗಳ ಆಡುವುದಕ್ಕಿಂತ, ಬುಕಿಂಗ್ ಮಾಡುವಾಗಲೇ ಆ ಸಾಲನ್ನು ಹುಡುಕುವುದು ಲೇಸು.

*ಮೂರು: ಗ್ರಾಚ್ಯುಟಿ ಎಲ್ಲೂ ಕಾಣುವುದಿಲ್ಲ.* ಇದಕ್ಕೆ ಎರಡು ಕಾರಣ ಇರಬಹುದು. ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್‌ನಂಥ ಐಷಾರಾಮಿ ಕಂಪನಿಗಳಲ್ಲಿ ಗ್ರಾಚ್ಯುಟಿ ಟಿಕೆಟ್ ಬೆಲೆಯಲ್ಲೇ ಅಡಗಿದೆ. ಬ್ರಿಟನ್ನಿನ ಪಿ ಅಂಡ್ ಒ ಕಂಪನಿ 2019ರಲ್ಲಿ ದಿನದ ಗ್ರಾಚ್ಯುಟಿಯನ್ನೇ ಕೈಬಿಟ್ಟಿತು. ಇಂಥ ಹಡಗುಗಳಲ್ಲಿ ಕೊಡಲೇಬೇಕೆಂಬ ನಿರೀಕ್ಷೆ ಇರುವುದಿಲ್ಲ. ಇನ್ನೊಂದು ಕಾರಣ, ಆ ರೆಸ್ಟೋರೆಂಟಿನ ಟಿಪ್ಸನ್ನು ನಿಮ್ಮ ಇಷ್ಟಕ್ಕೆ ಬಿಟ್ಟಿರುವುದು. ಆಗ ತಲೆಗೆ 5 ಡಾಲರ್ ಇಲ್ಲವೆ ಬಿಲ್ಲಿನ ಶೇ 10ರಿಂದ 15 ಕೊಟ್ಟರೆ ಗೌರವವಾಗಿರುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಬಡಿಸುವವರನ್ನು ಕೇಳಬೇಡಿ, ಅವರಿಗೂ ಮುಜುಗರ. ಹಡಗಿನ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಕೇಳಿ.

ಖಾಲಿ ಗೆರೆಯ ಬಲೆ

ಜನ ಹೆಚ್ಚು ಹಣ ಕಳೆದುಕೊಳ್ಳುವುದು ಮೊದಲನೇ ಬಗೆಯ ಬಿಲ್ಲಿನಲ್ಲೇ. ಶೇ 18 ಸೇರಿದ ಮೇಲೂ ಅದರ ಕೆಳಗೆ ‘ಹೆಚ್ಚುವರಿ ಗ್ರಾಚ್ಯುಟಿ’ ಎಂಬ ಗೆರೆ ಇರುತ್ತದೆ. ‘ಹೆಚ್ಚುವರಿ’ ಎಂಬುದನ್ನು ಗಮನಿಸದೆ, ಟಿಪ್ಸ್ ಇನ್ನೂ ಬಾಕಿ ಇದೆ ಎಂದುಕೊಂಡು ಮತ್ತೆ ಶೇ 15 ಬರೆದರೆ ಏನಾಗುತ್ತದೆ ನೋಡಿ. 118ರ ಶೇ 15 ಎಂದರೆ 17.70 ಡಾಲರ್. ಮೊದಲಿನ 18 ಸೇರಿ ಟಿಪ್ಸ್ ಒಟ್ಟು 35.70. ನೂರು ಡಾಲರ್ ಊಟಕ್ಕೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಟಿಪ್ಸ್.

ಹಡಗಿನಲ್ಲಿ ನಗದು ವ್ಯವಹಾರ ಇಲ್ಲದ್ದರಿಂದ ಇದು ಕೂಡಲೇ ಗೊತ್ತಾಗುವುದಿಲ್ಲ. ಹತ್ತುವಾಗ ಕೊಡುವ ಕಾರ್ಡೇ ಕೋಣೆಯ ಬೀಗದ ಕೈ, ಅದೇ ನಿಮ್ಮ ಪರ್ಸು. ಎಲ್ಲ ಖರ್ಚೂ ಕೋಣೆಯ ಖಾತೆಗೆ ಸೇರಿ, ಕೊನೆಗೆ ಕ್ರೆಡಿಟ್ ಕಾರ್ಡಿನಿಂದ ಒಮ್ಮೆಲೇ ಕಡಿತವಾಗುತ್ತದೆ. ಡಾಲರಿನಲ್ಲಿ ಬಿದ್ದ ಖರ್ಚಿಗೆ ನಮ್ಮ ಬ್ಯಾಂಕುಗಳು ವಿದೇಶಿ ವಿನಿಮಯ ಶುಲ್ಕವನ್ನೂ ಸೇರಿಸುತ್ತವೆ. ಹಾಗಾಗಿ ಗೆರೆಯನ್ನು ಖಾಲಿ ಬಿಡದೆ ಅಡ್ಡಗೀಟು ಎಳೆದು, ಒಟ್ಟು ಮೊತ್ತವನ್ನು ನೀವೇ ಬರೆದು, ಆಮೇಲೆ ಸಹಿ ಹಾಕಿ. ಕೋಣೆಯ ಟಿವಿಯಲ್ಲೋ ಹಡಗಿನ ಆ್ಯಪ್‌ನಲ್ಲೋ ಖಾತೆಯನ್ನು ದಿನಕ್ಕೊಮ್ಮೆ ನೋಡಿ. ಇಳಿಯುವ ದಿನ ಬೆಳಿಗ್ಗೆ ಕೌಂಟರಿನ ಮುಂದೆ ಉದ್ದ ಸಾಲು ಇರುತ್ತದೆ. ತಪ್ಪು ಕಂಡ ದಿನವೇ ಹೇಳಿದರೆ ತಿದ್ದುವುದು ಸುಲಭ.

ಕೈಗೆ ಕೊಡಬೇಕಾದದ್ದು ಯಾವಾಗ?

ಸಸ್ಯಾಹಾರಿ ಕುಟುಂಬಗಳಿಗೆ ಇದು ನಿಜವಾಗಿ ಬೇಕಾಗುವ ಮಾತು. ಸ್ಟೇಕ್‌ಹೌಸ್‌ನಲ್ಲಿ ಸಸ್ಯಾಹಾರಿಗೂ ಕವರ್ ಚಾರ್ಜ್ ಅಷ್ಟೇ. ತಲೆಗೆ 50 ಡಾಲರ್ ಕೊಟ್ಟು ಬೇಯಿಸಿದ ಆಲೂಗಡ್ಡೆ, ಸೊಪ್ಪಿನ ಸಲಾಡ್ ತಿಂದು ಬರುವಂತಾಗಬಾರದು. ಹಿಂದಿನ ದಿನವೇ ರೆಸ್ಟೋರೆಂಟಿಗೆ ಹೋಗಿ ಮೇಲ್ವಿಚಾರಕರನ್ನು ಕಂಡು ಮೆನು ನೋಡಿ. ಮೊಟ್ಟೆ ನಡೆಯುತ್ತದೆಯೆ, ಮೀನಿನ ಸಾಸ್ ಬೇಡವೆ, ಈರುಳ್ಳಿ ಬೆಳ್ಳುಳ್ಳಿ ಬಿಡಬೇಕೆ ಎಂದು ಬಿಡಿಸಿ ಹೇಳಿ. ‘ವೆಜಿಟೇರಿಯನ್’ ಅಂದರೆ ಮೀನು ತಿನ್ನುತ್ತಾರೆ ಎಂದುಕೊಳ್ಳುವವರೂ ಇರುತ್ತಾರೆ. ಹಲವು ಹಡಗುಗಳ ಅಡುಗೆಮನೆಯಲ್ಲಿ ಭಾರತದ ಬಾಣಸಿಗರು ಇರುವುದರಿಂದ, ಮೊದಲೇ ಹೇಳಿದರೆ ದಾಲ್, ಪಲ್ಯ, ಅನ್ನ ಆಗುವುದು ಕಷ್ಟವೇನಲ್ಲ.

ಹೀಗೆ ಮೆನುವಿನಲ್ಲಿ ಇಲ್ಲದ್ದನ್ನು ಮಾಡಿಸಿಕೊಟ್ಟವರಿಗೆ ಕೊಡುವುದು ನಿಜವಾದ ಟಿಪ್ಸ್. ಬಿಲ್ಲಿನಲ್ಲಿ ಸೇರಿದ ಶೇ 18ರಲ್ಲಿ ಅವರ ಈ ಶ್ರಮ ಎಣಿಕೆಗೆ ಬಂದಿರುವುದಿಲ್ಲ. ಮೇಲ್ವಿಚಾರಕರಿಗೆ 5ರಿಂದ 10 ಡಾಲರ್, ದಿನವೂ ಆಸಕ್ತಿ ವಹಿಸಿದ್ದರೆ ಕೊನೆಯ ದಿನ ಸೇರಿಸಿ 20 ಡಾಲರ್ ನಗದಾಗಿ ಕೊಡಿ. ಖಾಲಿ ಗೆರೆಯಲ್ಲಿ ಬರೆಯುವುದಕ್ಕಿಂತ ಇದು ಸರಿಯಾದ ಜನರಿಗೆ ತಲುಪುತ್ತದೆ. ಇದಕ್ಕಾಗಿ ಮನಿ ಚೇಂಜರ್ ಹತ್ತಿರ 1 ಮತ್ತು 5 ಡಾಲರಿನ ನೋಟು ಕೇಳಿ ಪಡೆಯಿರಿ. ನೂರರ ನೋಟನ್ನು ಹಡಗಿನಲ್ಲಿ ಮುರಿಸುವುದು ರಗಳೆ. ಚೆನ್ನೈಯಿಂದ ಹೊರಡುವ ಯಾನಕ್ಕೆ ನೂರು, ಇನ್ನೂರು ರೂಪಾಯಿಯ ನೋಟು ಸಾಕು.

ಕೈಗೆ ಕೊಡಲು ಯೋಗ್ಯವಾದ ಇನ್ನೆರಡು ಸಂದರ್ಭಗಳಿವೆ: ಊಟದ ನಡುವೆ ಅಳುವ ಮಗುವನ್ನು ಸಂಭಾಳಿಸಿದವರು, ನಡೆಯಲಾಗದ ಹಿರಿಯರನ್ನು ಮೇಜಿನವರೆಗೆ ಕರೆತಂದು ಕೂರಿಸಿದವರು. ಕೋಣೆ ಚೊಕ್ಕಟ ಮಾಡುವ ಸ್ಟೀವರ್ಡ್‌ಗೂ ಮನಸ್ಸಿದ್ದರೆ ಕೊಡಬಹುದು. ಉಳಿದಂತೆ ಬಿಲ್ಲಿನಲ್ಲಿ ಸೇರಿದ್ದು ಸಾಕು.

ದಿನದ ಗ್ರಾಚ್ಯುಟಿ ತೆಗೆಸಬಹುದೆ?

‘ಸ್ಪೆಷಾಲಿಟಿ ರೆಸ್ಟೋರೆಂಟಿನಲ್ಲಿ ಬೇರೆ ಕೊಟ್ಟೆವು, ದೊಡ್ಡ ಹಾಲಿಗೆ ಆ ದಿನ ಹೋಗಲೇ ಇಲ್ಲ. ಮತ್ತೇಕೆ ದಿನದ ಗ್ರಾಚ್ಯುಟಿ?’ ಎನ್ನುವುದು ನ್ಯಾಯವಾದ ಪ್ರಶ್ನೆ. ಕಂಪನಿಗಳ ಉತ್ತರ ಹೀಗಿದೆ: ಆ ಹಣ ಒಬ್ಬ ಬಡಿಸುವವರದಲ್ಲ, ಹಂಚಿಕೆಯ ಗಂಟು. ದೊಡ್ಡ ಹಾಲ್, ಬಫೆ, ಕೋಣೆಗಳ ಸಿಬ್ಬಂದಿಗೆ, ಕೆಲವು ಕಂಪನಿಗಳಲ್ಲಿ ಕಣ್ಣಿಗೆ ಬೀಳದೆ ಒಳಗೆ ಬಟ್ಟೆ ಒಗೆಯುವ, ಪಾತ್ರೆ ತೊಳೆಯುವವರಿಗೂ ಅದರಲ್ಲಿ ಪಾಲಿದೆ. ನೀವು ಒಂದು ರಾತ್ರಿ ಬೇರೆ ಕಡೆ ಉಂಡಿರಿ ಎಂದು ಅವರ ಕೆಲಸ ಕಡಿಮೆ ಆಗಿರುವುದಿಲ್ಲ. ಸಂಬಳದ ಹೊಣೆಯನ್ನು ಕಂಪನಿ ಪ್ರಯಾಣಿಕರ ಹೆಗಲಿಗೆ ದಾಟಿಸಿದೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಯಾನದ ನಡುವೆ ಆ ಹಣ ನಿಲ್ಲಿಸಿದರೆ ಪೆಟ್ಟು ಬೀಳುವುದು ಕಂಪನಿಗಲ್ಲ, ಕೆಳಗಿನವರಿಗೆ.

ಹಿಂದೆ ಕೊನೆಯ ರಾತ್ರಿ ವೇಟರ್, ಸಹಾಯಕ ವೇಟರ್, ಸ್ಟೀವರ್ಡ್ ಎಂದು ಒಬ್ಬೊಬ್ಬರಿಗೂ ಲಕೋಟೆಯಲ್ಲಿ ಹಣ ಹಾಕಿ ಕೊಡುವ ಪದ್ಧತಿ ಇತ್ತು. ಆ ರಾತ್ರಿ ಊಟಕ್ಕೇ ಬಾರದೆ ತಪ್ಪಿಸಿಕೊಳ್ಳುವವರೂ ಇದ್ದರು. ತಾನಾಗಿ ಹಿಡಿಯುವ ಪದ್ಧತಿ ಬಂದದ್ದಕ್ಕೆ ಅದೂ ಒಂದು ಕಾರಣ.

ಈಗಲೂ ಹಲವು ಕಂಪನಿಗಳಲ್ಲಿ ಕೌಂಟರಿಗೆ ಹೋಗಿ ಕೇಳಿದರೆ ದಿನದ ಗ್ರಾಚ್ಯುಟಿಯನ್ನು ಕಡಿಮೆ ಮಾಡುತ್ತಾರೆ, ತೆಗೆಯುತ್ತಾರೆ. ಕೆಲವರು ಒಪ್ಪುವುದಿಲ್ಲ. ನಿಜವಾಗಿ ಸೇವೆ ಕೆಟ್ಟಿದ್ದರೆ ಮೊದಲು ಆ ದೂರನ್ನು ಹೇಳಿ, ಸರಿಪಡಿಸಲು ಅವಕಾಶ ಕೊಡಿ. ಬರೀ ಖರ್ಚು ಉಳಿಸಲು ತೆಗೆಸುವುದು ಸಣ್ಣತನ. ಆ ಖರ್ಚನ್ನು ಟಿಕೆಟ್ ಕೊಳ್ಳುವಾಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಜಾಣತನ.

ಬಡಿಸುವವರ ಕಡೆಯಿಂದ

ಹಡಗಿನ ಊಟದ ಮೇಜಿನ ಬಳಿ ‘ನಮಸ್ಕಾರ, ಊರು ಯಾವುದು?’ ಎಂಬ ಕನ್ನಡದ ಮಾತು ಕೇಳಿಬಂದರೆ ಆಶ್ಚರ್ಯಪಡಬೇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗು ಸೇರಿದವರು ಇದ್ದಾರೆ. ಗೋವಾ, ಕೇರಳ, ಫಿಲಿಪ್ಪೀನ್ಸ್, ಇಂಡೊನೇಷ್ಯಾದವರು ಅವರಿಗಿಂತ ಹೆಚ್ಚು. ಒಂದು ಕಾಂಟ್ರಾಕ್ಟ್ ಎಂದರೆ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮನೆ ಬಿಟ್ಟಿರಬೇಕು. ವಾರದ ರಜೆ ಎಂಬುದು ಇರುವುದು ಅಪರೂಪ.

ಸಮುದ್ರದ ಮೇಲೆ ದುಡಿಯುವವರ ಹಕ್ಕುಗಳಿಗಾಗಿ ಇರುವ ಅಂತರರಾಷ್ಟ್ರೀಯ ಒಪ್ಪಂದ 2006ರದ್ದು. ಅದು ಜಾರಿಗೆ ಬಂದದ್ದು 2013ರ ಆಗಸ್ಟ್ 20ರಂದು. ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ಅದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ತಿರುಗಿಸಿ ನೋಡಿದರೆ, ವಾರದ ಮಿತಿ ಮೀರದಂತೆ ಕೆಲವು ದಿನ 14 ಗಂಟೆ ದುಡಿಸಿದರೂ ಅದು ನಿಯಮದ ಒಳಗೇ. ಈ ದುಡಿಮೆಯಲ್ಲಿ ಮೂಲ ಸಂಬಳ ಸಣ್ಣದು, ಗ್ರಾಚ್ಯುಟಿಯ ಪಾಲು ದೊಡ್ಡದು.

ಹಣದಷ್ಟೇ ಬೆಲೆಬಾಳುವ ಇನ್ನೊಂದು ಸಂಗತಿ ಇದೆ, ಅದಕ್ಕೆ ಖರ್ಚಿಲ್ಲ. ಯಾನ ಮುಗಿದ ಮೇಲೆ ಕಂಪನಿ ಕಳಿಸುವ ಅಭಿಪ್ರಾಯದ ಫಾರಂನಲ್ಲಿ, ಚೆನ್ನಾಗಿ ನೋಡಿಕೊಂಡವರ ಹೆಸರು ಬರೆಯಿರಿ. ಎದೆಯ ಬಿಲ್ಲೆಯ ಮೇಲಿನ ಹೆಸರನ್ನು ಅಂದೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಕಾಂಟ್ರಾಕ್ಟ್, ಬಡ್ತಿಯ ವೇಳೆ ಇಂಥ ಮಾತುಗಳನ್ನು ಕಂಪನಿಗಳು ಗಣನೆಗೆ ತೆಗೆದುಕೊಳ್ಳುತ್ತವೆ.

ದಡಕ್ಕೆ ಇಳಿದಾಗ

ಸಿಂಗಪುರದ ರೆಸ್ಟೋರೆಂಟ್ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡು ಚಿಹ್ನೆ ಇದ್ದರೆ, ಶೇ 10ರ ಸರ್ವಿಸ್ ಚಾರ್ಜ್ ಮತ್ತು ಶೇ 9ರ ಜಿಎಸ್‌ಟಿ ಸೇರಲಿವೆ ಎಂದರ್ಥ. ಅಲ್ಲಿ ಟಿಪ್ಸ್ ಬೇರೆ ಕೊಡುವ ರೂಢಿಯಿಲ್ಲ. ಶ್ರೀಲಂಕಾದ ಹೋಟೆಲುಗಳಲ್ಲೂ ಶೇ 10 ಸೇರಿಸುವುದು ಸಾಮಾನ್ಯ. ಜಪಾನಿನಲ್ಲಿ ಟಿಪ್ಸ್ ಕೊಡಲು ಹೋದರೆ ಅವರು ಗಲಿಬಿಲಿಗೊಳ್ಳುತ್ತಾರೆ, ಹಣ ಹಿಂತಿರುಗಿಸುತ್ತಾರೆ. ಅಮೆರಿಕದ ಬಂದರುಗಳಲ್ಲಿ ಮಾತ್ರ ಇದರ ತದ್ವಿರುದ್ಧ: ಮೇಜಿಗೆ ತಂದು ಬಡಿಸುವ ಕಡೆ ಶೇ 15ರಿಂದ 20 ಕೊಡದಿದ್ದರೆ ಮುಖ ನೋಡುತ್ತಾರೆ. ಭಾರತದ ಮಾರ್ಗಸೂಚಿ ಈ ಯಾವ ದಡದಲ್ಲೂ ನಡೆಯುವುದಿಲ್ಲ. ಅಲ್ಲಿನ ಬಿಲ್ಲಿಗೆ ಅಲ್ಲಿನ ನಿಯಮ.

ಟಿಕೆಟ್ ಕೊಳ್ಳುವ ಮುಂಚೆ ಏಜೆಂಟರನ್ನು ಕೇಳಬೇಕಾದ ಐದು ಪ್ರಶ್ನೆ

1. ದಿನದ ಗ್ರಾಚ್ಯುಟಿ ಟಿಕೆಟ್ ಬೆಲೆಯಲ್ಲಿ ಸೇರಿದೆಯೆ? ಇಲ್ಲದಿದ್ದರೆ ತಲೆಗೆ ಎಷ್ಟು, ಮಕ್ಕಳಿಗೆ ಎಷ್ಟು?
2. ಅದನ್ನು ಇಲ್ಲೇ ರೂಪಾಯಿಯಲ್ಲಿ ಮುಂಗಡ ಕಟ್ಟಬಹುದೆ? ಕಟ್ಟಿದ ಮೇಲೆ ದರ ಏರಿದರೆ ವ್ಯತ್ಯಾಸ ಕೊಡಬೇಕೆ?
3. ಯಾವ ಯಾವ ರೆಸ್ಟೋರೆಂಟಿಗೆ ಬೇರೆ ಹಣ? ಕವರ್ ಚಾರ್ಜೊ, ಒಂದೊಂದಕ್ಕೆ ಬೆಲೆಯೊ?
4. ಆ ಬೆಲೆಯ ಮೇಲೆ ಶೇಕಡಾ ಎಷ್ಟು ಗ್ರಾಚ್ಯುಟಿ? ಪ್ಯಾಕೇಜ್ ಕೊಂಡರೆ ಅದು ಒಳಗೋ ಹೊರಗೋ?
5. ಸಸ್ಯಾಹಾರಿಗೆ ಆ ರೆಸ್ಟೋರೆಂಟಿನಲ್ಲಿ ಏನು ಸಿಗುತ್ತದೆ?

ಉತ್ತರಗಳನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ. ಏಜೆಂಟರು ಒಂದು ಹೇಳಿ ಹಡಗಿನಲ್ಲಿ ಇನ್ನೊಂದು ಆದರೆ, ಚೆನ್ನೈಗೆ ಮರಳಿದ ಮೇಲೆ ಗ್ರಾಹಕ ಆಯೋಗದ ಮುಂದೆ ಇಡಲು ಕೈಯಲ್ಲಿ ದಾಖಲೆ ಇರುತ್ತದೆ. ಐದನೇ ಪ್ರಶ್ನೆಗೆ ‘ಎಲ್ಲ ಸಿಗುತ್ತೆ ಸಾರ್’ ಎಂಬ ಉತ್ತರ ಬಂದರೆ, ಆ ರೆಸ್ಟೋರೆಂಟಿನ ಮೆನುವನ್ನು ಕಳಿಸಲು ಹೇಳಿ. ಅದನ್ನು ಓದಿದ ಮೇಲೂ ಮನೆಮಂದಿಗೆ ಹೋಗಬೇಕೆನಿಸಿದರೆ ಮಾತ್ರ ಮೇಜು ಕಾದಿರಿಸಿ.